ಕೈತೋಟಕ್ಕೆ ಇದೇ ಕಾಲ

ವಿಜಯದಶಮಿಯ ಬನ್ನಿಯನ್ನು ಹಂಚಿಕೊಂಡದ್ದಾಯಿತು. ಬತುಕಮ್ಮನ ಹೂಗಳು ಕೆರೆಯ ಪಾಲಾದವು. ಸಿಕಂದರಾಬಾದಿನಲ್ಲಿ ಬೆಳಗಿನ ಜಾವ ಹೊದಿಕೆಯನ್ನು ಮೈಮೇಲೆ ಎಳೆದುಕೊಳ್ಳಬೇಕೆನ್ನಿಸುವ ದಿನಗಳು ಸಮೀಪಿಸಿವೆ. ಪ್ರತಿ ವರ್ಷವೂ ಈ ಕಾಲದಲ್ಲಿ ನಮ್ಮ ಕಛೇರಿಗೆ ಬರುವ ಕಾಗದಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. ಮೊಂಡಾ ಮಾರುಕಟ್ಟೆಯಲ್ಲಿ ನಮ್ಮ ಅವರೆಕಾಯಿ ಯಾವಾಗ ಬರುತ್ತದೆ? ರಾಜಕೀಯ, ರಸ್ತೆ, ರೈಲು ಇವುಗಳನ್ನು ಕುರಿತು ನಾವು ಬರೆದ ಅಗ್ರಲೇಖನಗಳಿಗೆ ಬಾರದಷ್ಟು ಪತ್ರಗಳು ಈ ಒಂದು ಕಾಯಿಯ ವಿಷಯದಲ್ಲಿ ಬರುತ್ತವೆಂಬುದನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಉತ್ತರವು ಸಂತೋಷದಾಯಕವಾದುದಲ್ಲ. ತೆಲುಗರು ಚಿಕ್ಕುಡು ಎಂದು ಕರೆಯುವ, ಸಿಪ್ಪೆಸಹಿತವಾಗಿ ಹೆಚ್ಚಿ ಪಲ್ಯ ಮಾಡುವ ಕಾಯಿ ಇಲ್ಲಿ ರಾಶಿರಾಶಿಯಾಗಿ ಬರುತ್ತದೆ. ಕಾಳಿಗಾಗಿಯೇ ಬೆಳೆಯುವ, ಸುಲಿದು, ನೆನೆಸಿ, ಹಿದುಕಿ ಸಾರು ಮಾಡುವ ನಮ್ಮ ಸೊಗಡಿನ ಅವರೆಯಾದರೋ ಅಪರೂಪ. ಅದಕ್ಕೆ ರಾಯಲಸೀಮೆಯ ಕಡೆ ಅನಪಕಾಯ ಎಂಬ ಹೆಸರುಂಟೆಂದು ಯಾರಿಂದಲೋ ತಿಳಿದುಕೊಂಡ ನಮ್ಮ ಹೋಟೆಲಿನ ಅಡಿಗೆಯವರೊಬ್ಬರು ಹಿಂದೊಮ್ಮೆ ಮಾರುಕಟ್ಟೆಗೆ ಹೋಗಿ, ಐದು ಕಿಲೋ ಅನಪಕಾಯ ಬೇಕೆಂದು ಕೇಳಿ, ಐದು ಕಿಲೋ ತೂಗುವ ಸೋರೆಕಾಯಿಗಳನ್ನು ಹೊತ್ತು ತಂದರು. ಇಲ್ಲಿನ ಅನೇಕರ ಬಾಯಲ್ಲಿ ಆನಪಕಾಯವೆಂದರೆ ಸೋರೆಕಾಯಿಯೇ. ಆ ದಿನ ನಮ್ಮ ಗಿರಾಕಿಗಳು ಸೋರೆಕಾಯಿಯ ಸಾಂಬಾರನ್ನು ಉಂಡರು. ಅವರೆ ಬೇಕೆಂದವರು ಇಂದಿಗೂ ಬೆಂಗಳೂರಿನಿಂದ ರೈಲಿನಲ್ಲಿ ಬರುವ ನೆಂಟರ ಚೀಲವನ್ನು ಕಾಯುತ್ತಾರೆ.

ಆದುದರಿಂದ ಈ ಸಲ ನಾವು ಪ್ರಶ್ನೆಗೆ ಬೇರೆಯ ಉತ್ತರವನ್ನು ಕೊಡಲು ನಿಶ್ಚಯಿಸಿದ್ದೇವೆ. ಕಾಯಿಯನ್ನು ಹೊತ್ತು ತರುವ ಬದಲು ಬೀಜವನ್ನು ತನ್ನಿರಿ, ಇಲ್ಲಿಯೇ ಬೆಳೆಯಿರಿ. ಅವರೆಯೊಂದನ್ನೇ ಅಲ್ಲ, ಚಳಿಗಾಲದ ಸಣ್ಣದೊಂದು ಕೈತೋಟವನ್ನೇ ಮಾಡಿರಿ. ಈ ಊರಿನ ಹವೆ ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ತೋಟಗಾರನ ಪಕ್ಷವನ್ನು ವಹಿಸುತ್ತದೆ. ಆ ನಾಲ್ಕು ತಿಂಗಳು ಈಗ ಮೊದಲಾಗುತ್ತಲಿವೆ.

ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದ ಈ ದಖನ್ ಬಂಡೆಯ ಮೇಲೆ ಡಿಸೆಂಬರ್ ಜನವರಿಗಳ ರಾತ್ರಿಯ ಉಷ್ಣಾಂಶವು ಸಾಮಾನ್ಯವಾಗಿ ಹದಿನಾಲ್ಕು ಹದಿನೈದು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬೇಗಂಪೇಟೆಯ ಹವಾಮಾನ ಕೇಂದ್ರದಲ್ಲಿ 1946ರ ಜನವರಿ 8ರಂದು 6.1 ಡಿಗ್ರಿಗೆ ಇಳಿದುದೇ ಅಲ್ಲಿಯ ದಾಖಲೆ. ನೀರು ಹೆಪ್ಪುಗಟ್ಟುವ ಮಟ್ಟವು ಅದಕ್ಕೂ ಬಹು ಕೆಳಗೆ. ಶೀತದೇಶಗಳಲ್ಲಿ ಬರೆದ ತೋಟಗಾರಿಕೆಯ ಪುಸ್ತಕಗಳನ್ನು ಓದಿದವರು ಗಾಜಿನ ಮುಚ್ಚಿಗೆ, ಹುಲ್ಲಿನ ಹೊದಿಕೆ ಎಂದು ಗಾಬರಿಗೊಳ್ಳುತ್ತಾರೆ. ಅಲ್ಲಿ ಚಳಿಗಾಲವು ತೋಟದ ನಿದ್ರಾಕಾಲ. ನಮ್ಮಲ್ಲಿ ತೋಟವು ಮಲಗುವುದು ಬೇಸಿಗೆಯಲ್ಲಿ. ಮಾರ್ಚಿಯ ಕೊನೆಯಿಂದ ನಲವತ್ತು ಡಿಗ್ರಿಯ ಬಿಸಿಲು ತಾರಸಿಯ ಕುಂಡವನ್ನು ಹಂಚಿನಂತೆ ಕಾಯಿಸುವಾಗ. 1806ರಲ್ಲಿ ಸಿಕಂದರ್ ಜಾಹನ ಹೆಸರನ್ನು ಹೊತ್ತ ಈ ದಂಡಿನ ಊರಿನಲ್ಲಿ ಬಿಳಿಯರ ಬಂಗಲೆಗಳ ಮಾಲಿಗಳಿಗೆ ತಿಳಿದಿದ್ದ ಈ ವಿಷಯವು, ಹಳ್ಳಿಯಿಂದ ಬಂದ ನಮಗೆ ಮರೆತುಹೋಗಿರುವುದು ವಿಚಿತ್ರ.

ಅಕ್ಟೋಬರಿನ ಮಳೆಯನ್ನು ಮಾತ್ರ ಸ್ವಲ್ಪ ನೋಡಿಕೊಳ್ಳಬೇಕು. 2020ರ ಅಕ್ಟೋಬರ್ 13ರ ರಾತ್ರಿ ಈ ಅವಳಿ ನಗರವನ್ನು ಮುಳುಗಿಸಿದ ಮಳೆಯು ವಾಚಕರ ನೆನಪಿನಿಂದ ಅಳಿದಿರಲಾರದು. ಸಣ್ಣ ಬೀಜಗಳನ್ನು ಅಂಥ ಮಳೆಗೆ ಒಡ್ಡುವುದು ವ್ಯರ್ಥ. ಟೊಮೇಟೊ, ಹೂಕೋಸು, ಎಲೆಕೋಸುಗಳ ಸಸಿಯನ್ನು ಮಾತ್ರ ಜಗುಲಿಯಂಥ ಮರೆಯಲ್ಲಿ ಈಗಲೇ ಎಬ್ಬಿಸಿಕೊಂಡು, ಸುಮಾರು ಇಪ್ಪತ್ತೈದು ದಿನಗಳಾದ ಮೇಲೆ ಕುಂಡಕ್ಕೆ ನೆಡಬಹುದು. ಗಜ್ಜರಿ, ಮೂಲಂಗಿ, ಬೀಟ್‌ರೂಟುಗಳನ್ನು ನಿಂತಲ್ಲಿಯೇ ಬಿತ್ತಬೇಕು. ಕಿತ್ತು ನೆಟ್ಟರೆ ಬೇರು ಕವಲೊಡೆಯುತ್ತದೆ. ಮೂಲಂಗಿ ಒಂದೂವರೆ ತಿಂಗಳಿಗೆ ಕೈಗೆ ಬರುತ್ತದೆ, ಗಜ್ಜರಿಗೆ ಅದರ ಎರಡರಷ್ಟು ತಾಳ್ಮೆ ಬೇಕು. ಬಟಾಣಿಯನ್ನು ನವೆಂಬರಿನಲ್ಲಿ ಹಾಕಿರಿ. ಸೇವಂತಿಗೆಯನ್ನು ಬೀದಿದೀಪದ ಬೆಳಕು ಬೀಳದ ಕಡೆ ಇಡಿರಿ. ರಾತ್ರಿಯೆಲ್ಲ ಬೆಳಕು ಕಂಡ ಸೇವಂತಿಗೆ ಎಲೆಯನ್ನೇ ಬೆಳೆಸುತ್ತದೆ, ಮೊಗ್ಗು ಬಿಡುವುದಿಲ್ಲ.

ಹೊಸಬರಿಗೆ ನಮ್ಮ ಮೊದಲನೆಯ ಶಿಫಾರಸು ಕೊತ್ತಂಬರಿ ಮತ್ತು ಮೆಂತ್ಯ. ಹೋಟೆಲು ನಡೆಸಿದವರಿಗೆ ಕೊತ್ತಂಬರಿಯಷ್ಟು ಪಾಠ ಕಲಿಸಿದ ಗುರು ಮತ್ತೊಬ್ಬನಿಲ್ಲ. ಡಿಸೆಂಬರಿನಲ್ಲಿ ಕೊಳ್ಳುವವರಿಲ್ಲದೆ ಬಾಡುವ ಸೊಪ್ಪಿಗೆ ಮೇ ತಿಂಗಳಿನಲ್ಲಿ ಕೇಳಿದ ಬೆಲೆಯನ್ನು ಕೊಟ್ಟು, ಚಟ್ನಿಗೆ ಎಷ್ಟು ಎಲೆ ಬೀಳುತ್ತದೆಂದು ಗಲ್ಲಾದಿಂದಲೇ ಇಣುಕಿ ನೋಡಿದ ದಿನಗಳು ನಮಗೂ ಇವೆ. ಇದು ವ್ಯಾಪಾರಿಗಳ ಕುತಂತ್ರವಲ್ಲ, ಗಿಡದ ಸ್ವಭಾವ. ಬಿಸಿಲೇರಿದೊಡನೆ ಕೊತ್ತಂಬರಿಯು ಎಲೆಯನ್ನು ಬಿಟ್ಟು ಹೂವಿಗೆ ಓಡುತ್ತದೆ. ತಂಪಿನಲ್ಲಿ ಸೊಪ್ಪಾಗಿಯೇ ನಿಲ್ಲುತ್ತದೆ. ಅಡಿಗೆಮನೆಯ ಡಬ್ಬಿಯಲ್ಲಿರುವ ಧನಿಯಾವನ್ನೇ ತೆಗೆದು, ಚಪ್ಪಲಿಯಿಂದಲ್ಲ, ಮರದ ಹಲಗೆಯಿಂದ ಹಗುರವಾಗಿ ಉಜ್ಜಿ ಎರಡಾಗಿ ಒಡೆದು, ಒಂದು ರಾತ್ರಿ ನೆನೆಸಿ ಬಿತ್ತಿದರೆ ಸುಮಾರು ಹತ್ತು ದಿನಗಳಲ್ಲಿ ಮೊಳೆಯುತ್ತದೆ. ಮೆಂತ್ಯಕ್ಕೆ ಅಷ್ಟು ಉಪಚಾರವೂ ಬೇಡ, ತಿಂಗಳೊಳಗೆ ಕೊಯ್ಯಬಹುದು. ಬೀದರ, ಕಲಬುರ್ಗಿ, ರಾಯಚೂರುಗಳಿಂದ ಬಂದ ನಮ್ಮ ಬಂಧುಗಳಿಗೆ ರೊಟ್ಟಿಯ ಜೊತೆಗೆ ಹಸಿ ಮೆಂತ್ಯದ ರುಚಿಯನ್ನು ನಾವು ಹೇಳಿಕೊಡಬೇಕಾಗಿಲ್ಲ.

ಅವರೆಯ ವಿಷಯದಲ್ಲಿ ನಮ್ಮದೇ ಒಂದು ಅಪರಾಧವನ್ನು ಇಲ್ಲಿ ನಿವೇದಿಸಿಕೊಳ್ಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ಕೋಲಾರದ ಕಡೆಯ ಮಿತ್ರರೊಬ್ಬರು ತಂದುಕೊಟ್ಟ ಬೀಜವನ್ನು ನಾವು ಉತ್ಸಾಹದಿಂದ ಫೆಬ್ರವರಿಯಲ್ಲಿಯೇ ಬಿತ್ತಿದೆವು. ಬಳ್ಳಿಯು ಹೋಟೆಲಿನ ಹಿತ್ತಿಲ ಗೋಡೆಯನ್ನು ಹತ್ತಿ, ನೀರಿನ ತೊಟ್ಟಿಯನ್ನು ಸುತ್ತಿ, ನೆರೆಯವರ ಬಟ್ಟೆ ಒಣಹಾಕುವ ತಂತಿಯನ್ನೂ ವಶಪಡಿಸಿಕೊಂಡಿತು. ಆರು ತಿಂಗಳು ನೀರೆರೆದರೂ ಒಂದು ಹೂವಿಲ್ಲ. ಆಗಸ್ಟಿನಲ್ಲಿ ಕೋಪಗೊಂಡು ಬುಡಸಹಿತ ಕಡಿಸಿ ಹಾಕಿದೆವು. ಇನ್ನೆರಡು ಮೂರು ತಿಂಗಳು ಕಾದಿದ್ದರೆ ಆ ಗೋಡೆಯೇ ಹೂವಾಗುತ್ತಿತ್ತೆಂದು ಆಮೇಲೆ ತಿಳಿಯಿತು. ಹಳೆಯ ಅವರೆಯ ತಳಿಗಳು ಚಳಿಯನ್ನಷ್ಟೇ ಅಲ್ಲ, ಹಗಲಿನ ಅಳತೆಯನ್ನೂ ನೋಡುತ್ತವೆ. ನಮ್ಮ ಊರಿನಲ್ಲಿ ಜೂನಿನ ಹಗಲು ಸುಮಾರು ಹದಿಮೂರು ಗಂಟೆ, ಡಿಸೆಂಬರಿನದು ಸುಮಾರು ಹನ್ನೊಂದು. ಆ ಎರಡು ಗಂಟೆಗಳ ಕತ್ತಲೆಗಾಗಿ ಬಳ್ಳಿ ಕಾದು ಕುಳಿತಿತ್ತು. ನಮಗೆ ಕಾಯುವ ವ್ಯವಧಾನವಿರಲಿಲ್ಲ. ಕೋಲಾರ ತುಮಕೂರುಗಳ ರೈತನು ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಾಗಿ ಅವರೆಯನ್ನು ಹಾಕಿ, ರಾಗಿಯನ್ನು ಕೊಯ್ದ ಮೇಲೆ ಅದು ಹಬ್ಬಿ ಕಾಯಿಬಿಡುವಂತೆ ನೋಡಿಕೊಳ್ಳುವುದರ ಮರ್ಮ ಇದೇ.

ಆದ್ದರಿಂದ ಬಳ್ಳಿಯ ಅವರೆಯನ್ನು ಬಿತ್ತಲು ಆಷಾಢ ಶ್ರಾವಣಗಳು ಉತ್ತಮ. ಈಗ ಬಿತ್ತಿದರೆ ಬಳ್ಳಿ ಹೆಚ್ಚು ಹಬ್ಬುವ ಮೊದಲೇ ಹೂಬಿಡುತ್ತದೆ; ಫಸಲು ಸ್ವಲ್ಪ, ಆದರೆ ಕುಂಡದಲ್ಲಿ ಬೆಳೆಯುವವರಿಗೆ ಅದೂ ಒಂದು ಅನುಕೂಲವೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ರೂಪಿಸಿದ ಹೆಬ್ಬಾಳ ಅವರೆಯ ಕುಳ್ಳ ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸದೆ ವರ್ಷದ ಯಾವ ಕಾಲದಲ್ಲಾದರೂ ಕಾಯಿಬಿಡುತ್ತವೆ. ಮಾರುಕಟ್ಟೆಗೆ ಅದು ದೊಡ್ಡ ಉಪಕಾರ. ಆದರೆ ಸೊಗಡು ಎಂಬುದು ಕಾಯಿಯ ಸಿಪ್ಪೆಯ ಮೇಲೆ ಕೈಗೆ ಅಂಟುವ ಎಣ್ಣೆಯಂಥ ಪದಾರ್ಥದಲ್ಲಿರುವುದಷ್ಟೆ. ಇಬ್ಬನಿ ಬಿದ್ದ ಮೇಲೆ ಅದು ಹೆಚ್ಚುತ್ತದೆಂಬ ಹಿರಿಯರ ನಂಬಿಕೆಯನ್ನು ನಾವು ಬಿಟ್ಟುಕೊಡಲು ಸಿದ್ಧರಿಲ್ಲ. ಹೇನು ಬಿದ್ದರೆ ಅಂಗಡಿಯ ವಿಷಕ್ಕೆ ಓಡದೆ, ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಅರೆದು, ರಾತ್ರಿ ನೆನೆಸಿ, ಸೋಸಿ, ಸ್ವಲ್ಪ ಸಾಬೂನು ಬೆರೆಸಿ ಸಂಜೆ ಸಿಂಪಡಿಸಿರಿ.

ಇಷ್ಟೆಲ್ಲ ವಿಸ್ತರಿಸಲು ಕಾರಣ ಸಾರಿನ ಚಪಲವೊಂದೇ ಅಲ್ಲ. ಊರಿನಲ್ಲಿ ಹೊಲವನ್ನು ಮಾರಿಯೋ ಪಾಲಿಗೆ ಕೊಟ್ಟೋ ಬಂದ ನಮ್ಮ ಎಷ್ಟೋ ಕುಟುಂಬಗಳಲ್ಲಿ ಅಜ್ಜಿಯು ಬೂದಿಯಲ್ಲಿ ಹೊರಳಿಸಿ ಮಡಕೆಯಲ್ಲಿಟ್ಟಿದ್ದ ಬೀಜವೇ ಆ ಮನೆಯ ತಳಿಯ ಕೊನೆಯ ಕಾಳಾಗಿತ್ತು. ಇಲ್ಲಿಗೆ ಸಮೀಪದ ಪಟಾಂಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯ ಶೀತಲ ಭಂಡಾರದಲ್ಲಿ ಒಂದು ಲಕ್ಷಕ್ಕೂ ಮೀರಿದ ತಳಿಗಳು ಸುರಕ್ಷಿತವಾಗಿವೆ. ಆದರೆ ಅದು ಮುಖ್ಯವಾಗಿ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಮೊದಲಾದ ಬೆಳೆಗಳಿಗಾಗಿ ಇರುವುದು. ಅವರೆ ಆ ಪಟ್ಟಿಯ ಮುಖ್ಯ ಬೆಳೆಗಳಲ್ಲಿಲ್ಲ. ನಿಮ್ಮ ತಾತನ ಹೊಲದ ಅವರೆಗೆ ಭಂಡಾರವಾಗಬಲ್ಲುದು ನಿಮ್ಮ ಬಾಲ್ಕನಿಯೇ. ಗಜ್ಜರಿ, ಎಲೆಕೋಸುಗಳ ವಿಲಾಯತಿ ತಳಿಗಳು ನಮ್ಮ ಸೌಮ್ಯವಾದ ಚಳಿಯಲ್ಲಿ ಬೀಜ ಕಟ್ಟುವುದಿಲ್ಲ. ಅವಕ್ಕೆ ವಾರಗಟ್ಟಲೆ ಕಡುಚಳಿ ಬೇಕು, ಬೀಜವನ್ನು ಪ್ರತಿ ವರ್ಷ ಕೊಳ್ಳಲೇಬೇಕು. ಅವರೆ, ಮೆಂತ್ಯ, ಕೊತ್ತಂಬರಿ, ಬದನೆಗಳು ಹಾಗಲ್ಲ. ಕೊನೆಯ ನಾಲ್ಕು ಕಾಯಿಗಳನ್ನು ಗಿಡದಲ್ಲಿಯೇ ಒಣಗಲು ಬಿಟ್ಟರೆ ಸಾಕು. ಉಡುಪಿಯ ಕಡೆಯವರು ಮಟ್ಟುಗುಳ್ಳವನ್ನು ನೆನೆದು ನಿಟ್ಟುಸಿರು ಬಿಡುವುದಕ್ಕಿಂತ ಒಂದು ಹಣ್ಣನ್ನು ಬೀಜಕ್ಕೆಂದು ತರಲಿ. ಇಲ್ಲಿನ ಮಣ್ಣಿನಲ್ಲಿ ಅದರ ರುಚಿ ಹಾಗೆಯೇ ಬರುವುದೇ ಎಂದು ಕೇಳಿದರೆ, ಬಾರದೆಂದೇ ನಮ್ಮ ಅನುಮಾನ. ಆದರೂ ಬೆಳೆಯಲಿ.

ಜಾಗವಿಲ್ಲವೆಂಬ ಆಕ್ಷೇಪಣೆಯನ್ನು ನಾವು ಬಲ್ಲೆವು. ಅಂಗಳವಿದ್ದ ಮನೆಗಳು ಬಿದ್ದು ಐದಂತಸ್ತಿನ ಕಟ್ಟಡಗಳು ಎದ್ದಿವೆ. ಆ ಕಟ್ಟಡಗಳ ಸಂಘದವರು ತಾರಸಿ ಸೋರುತ್ತದೆಂದು ಕುಂಡಗಳನ್ನು ನಿಷೇಧಿಸುತ್ತಾರೆ. ಅವರ ಭಯವು ಪೂರ್ತಿ ನಿರಾಧಾರವೆಂದು ಹೇಳಲಾಗದು. ಒಂದು ಚದರ ಮೀಟರಿನ ಮೇಲೆ ಒಂದಡಿ ಒದ್ದೆಮಣ್ಣನ್ನು ಹರಡಿದರೆ ಅದರ ಭಾರ ಸುಮಾರು 500 ಕಿಲೋ. ಮದುವೆಯ ದಿಬ್ಬಣವನ್ನೇ ತಾರಸಿಗೆ ಹತ್ತಿಸಿದಂತೆ! ಕೆಮ್ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಇವನ್ನು ಸಮಭಾಗವಾಗಿ ಬೆರೆಸಿದರೆ ಭಾರ ಬಹಳ ತಗ್ಗುತ್ತದೆ. ಕುಂಡಗಳನ್ನು ನಡುವೆ ಗುಂಪುಮಾಡದೆ ಅಂಚಿನ ಗೋಡೆಯ ಬಳಿ, ತೊಲೆಗಳ ಮೇಲ್ಭಾಗದಲ್ಲಿ, ಇಟ್ಟಿಗೆಯ ಮೇಲೆ ಎತ್ತಿ ಇಟ್ಟರೆ ನೀರು ನಿಲ್ಲುವುದಿಲ್ಲ, ಸೋರಿಕೆಯೂ ಕಣ್ಣಿಗೆ ಬೀಳುತ್ತದೆ. ಸಂಘದವರು ನಿಷೇಧದ ಬದಲು ಇಂಥ ನಿಯಮಗಳನ್ನು ಮಾಡಲಿ. ಮಗನ ಉದ್ಯೋಗದ ನಿಮಿತ್ತ ಊರು ಬಿಟ್ಟು ಬಂದು, ಭಾಷೆ ಬಾರದ ಬೀದಿಗೆ ಇಳಿಯಲಾರದೆ, ನಾಲ್ಕನೆಯ ಅಂತಸ್ತಿನ ಕಿಟಕಿಯಲ್ಲಿ ಹಗಲನ್ನು ಕಳೆಯುವ ವೃದ್ಧರು ನಮ್ಮ ಸಮಾಜದಲ್ಲಿ ಎಷ್ಟು ಜನರಿದ್ದಾರೆಂಬುದನ್ನು ಪತ್ರಿಕೆ ಹಂಚುವ ನಮ್ಮ ಹುಡುಗರು ಬಲ್ಲರು. ನಲವತ್ತು ವರ್ಷ ಬೇಸಾಯ ಮಾಡಿದವರಿಗೆ ಆರು ಕುಂಡಗಳಿಗೂ ಅನುಮತಿಯಿಲ್ಲವೆಂಬುದು ಕ್ರೂರವಲ್ಲವೆ?

ಗೊಬ್ಬರಕ್ಕೆ ದೂರ ಹೋಗಬೇಕಾಗಿಲ್ಲ. ಬೋಯಿನ್‌ಪಲ್ಲಿಯ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಕೊಳೆತ ಕಾಯಿಪಲ್ಲೆಯಿಂದ ಅನಿಲವನ್ನೂ ವಿದ್ಯುತ್ತನ್ನೂ ತೆಗೆಯುವ ಸ್ಥಾವರವು 2021ರಲ್ಲಿ ದೇಶದ ಗಮನವನ್ನು ಸೆಳೆಯಿತು. ಅದರ ವಿಧಾನವನ್ನು ರೂಪಿಸಿದವರು ನಮ್ಮ ತಾರ್ನಾಕದ ರಸಾಯನ ತಂತ್ರಜ್ಞಾನ ಸಂಸ್ಥೆಯವರು. ಮನೆಯಲ್ಲಿ ಅಷ್ಟು ಯಂತ್ರ ಬೇಡ. ತೂತು ಕೊರೆದ ಒಂದು ಡಬ್ಬಿ, ಒಂದು ಪದರ ಸಿಪ್ಪೆಸೊಪ್ಪು, ಒಂದು ಪದರ ಒಣ ಎಲೆ, ಆಗಾಗ ತಿರುವಿಹಾಕುವ ಕೈ. ಕಾಫಿಯ ಚರಟವು ಇದಕ್ಕೆ ಬಹಳ ಒಳ್ಳೆಯದು. ಹೋಟೆಲಿನಲ್ಲಿ ಪ್ರತಿದಿನ ಬಕೆಟ್ಟುಗಟ್ಟಲೆ ಅದನ್ನು ನಾವು ಮೋರಿಗೆ ಚೆಲ್ಲಿಸುತ್ತಿದ್ದೆವೆಂಬುದನ್ನು ನೆನೆದರೆ ಇಂದು ನಾಚಿಕೆಯಾಗುತ್ತದೆ. ಇನ್ನು ನೀರು: ಚಳಿಗಾಲದಲ್ಲಿ ಬೆಳಿಗ್ಗೆ ಒಂದು ಸಲ, ಅದೂ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿ. 1908ರ ಮೂಸಿಯ ಮಹಾಪೂರದ ತರುವಾಯ ಇಲ್ಲಿಗೆ ಬಂದು ಜಲಾಶಯಗಳ ಯೋಜನೆಯನ್ನು ಹಾಕಿಕೊಟ್ಟವರು ನಮ್ಮ ವಿಶ್ವೇಶ್ವರಯ್ಯನವರು. ಈ ನಗರಕ್ಕೆ ನೀರುಣಿಸುವ ಮಂಜೀರೆಯಾದರೋ ಬೀದರ ಜಿಲ್ಲೆಯನ್ನು ಹಾದು ಬರುವ ನದಿ. ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕಿರೆಂದು ಹೇಳಲು ಇಷ್ಟು ಪೀಠಿಕೆ ಅಗತ್ಯವಿತ್ತೇ ಎಂದು ವಾಚಕರು ಕೇಳಬಹುದು. ಸಂಪಾದಕರ ದೌರ್ಬಲ್ಯವೆಂದು ಮನ್ನಿಸಬೇಕು.

ರಥಸಪ್ತಮಿಯ ದಿನ ನಾವು ಎಕ್ಕದ ಎಲೆಯನ್ನು ತಲೆಯ ಮೇಲಿಟ್ಟು ಸ್ನಾನಮಾಡಿದರೆ, ನಮ್ಮ ತೆಲುಗು ನೆರೆಯವರು ಚಿಕ್ಕುಡುಕಾಯಿಯಿಂದ ರಥವನ್ನು ಕಟ್ಟಿ, ಅದರ ಎಲೆಯ ಮೇಲೆ ಪಾಯಸವನ್ನು ಸೂರ್ಯನಿಗೆ ನಿವೇದಿಸುತ್ತಾರೆ. ಅದಕ್ಕೆ ಎಲೆ ಹುಡುಕುತ್ತ ನಿಮ್ಮ ಬಾಗಿಲಿಗೆ ಯಾರಾದರೂ ಬಂದರೆ ನಿಮ್ಮ ಅವರೆಯ ಎಲೆಯನ್ನು ಸಂತೋಷದಿಂದ ಕೊಡಿರಿ. ಎರಡೂ ಒಂದೇ ಕುಲದ ಬಳ್ಳಿಗಳು.

ದೀಪಾವಳಿಗೆ ಊರಿಗೆ ಹೋಗುವವರಲ್ಲಿ ನಮ್ಮದೊಂದು ಬಿನ್ನಹ. ಹಿಂದಿರುಗುವಾಗ ಒಂದು ಹಿಡಿ ಬೀಜವನ್ನು ಕಾಗದದಲ್ಲಿ ಕಟ್ಟಿ, ಮೇಲೆ ಊರಿನ ಹೆಸರನ್ನು ಬರೆದು ತನ್ನಿರಿ. ನಮ್ಮ ಕಛೇರಿಯ ಮುಂಬಾಗಿಲ ಮೇಜಿನ ಮೇಲೆ, ಹಿಂದೆ ಹೋಟೆಲಿನಲ್ಲಿ ಕಾಫಿಪುಡಿಯನ್ನು ತುಂಬುತ್ತಿದ್ದ ಹಿತ್ತಾಳೆಯ ಡಬ್ಬಿಯನ್ನು ಇರಿಸಿದ್ದೇವೆ. ತಂದವರು ಅದರಲ್ಲಿ ಹಾಕಲಿ, ಬೇಕಾದವರು ಹತ್ತು ಕಾಳನ್ನು ಮಾತ್ರ ಒಯ್ಯಲಿ. ಮಾಗಡಿಯ ಒಂದು ಪೊಟ್ಟಣ ಈಗಾಗಲೇ ಬಂದಿದೆ.