ಪುಕ್ಕಟೆ ಜಿಲೇಬಿ, ಬೇಲಿ ಹಾರೋ ಕೊರಮೀನು

ಮಂಗಳವಾರ ಸಾರಕ್ಕಿ ಮಾರ್ಕೆಟ್ಟಿಗೆ ದಂಟಿನ ಸೊಪ್ಪು ಹಾಕಿ ವಾಪಸ್ ಬರುವಾಗ ಜೆ.ಪಿ. ನಗರದ ಒಂದು ಮೀನಂಗಡಿ ಮುಂದೆ ಗಾಡಿ ನಿಲ್ಲಿಸಿದೆ. ಐಸ್ ಮೇಲೆ ಜಿಲೇಬಿ ಮೀನು ರಾಶಿ. ಪಕ್ಕದಲ್ಲಿ ಬಲೆ ಮುಚ್ಚಿದ ನೀಲಿ ಡ್ರಮ್ಮಿನಲ್ಲಿ ಕೊರಮೀನು, ಜೀವಂತ. ರೇಟು ಕೇಳಿದೆ. ಕೊರಮೀನಿಗೆ ಜಿಲೇಬಿಯ ಮೂರರಷ್ಟು. ನನ್ನ ಹೊಂಡದ ಕಥೆ ನೆನಪಾಗಿ ಹೊಟ್ಟೆ ಉರೀತು.

ಕೃಷಿ ಹೊಂಡ ತೋಡಿಸಿದ ವರ್ಷ ಕಾಟ್ಲಾ, ರೋಹು ಮರಿ ಬಿಟ್ಟಿದ್ದೆ. ಯಾರೋ ಪುಕ್ಕಟೆ ಕೊಟ್ಟರು ಅಂತ ಒಂದು ಬಕೆಟ್ ಜಿಲೇಬೀನೂ ಸುರಿದೆ. ತಪ್ಪು ನಂದೇ. ಮಾರನೇ ವರ್ಷ ಬಲೆ ಎಳೆದರೆ ಬಲೆ ತುಂಬಾ ಬೆರಳುದ್ದದ ಜಿಲೇಬಿ. ಹಾಕಿದ ತೌಡು, ಹಿಂಡಿ ಎಲ್ಲಾ ಇವುಗಳ ಪಾಲು, ಕಾಟ್ಲಾ ಸೊರಗಿ ಹೋಗಿತ್ತು. ಬೇಸಿಗೇಲಿ ನೀರು ಬತ್ತಿಸಿ ನೋಡಿದೆ. ಮೂಲೆ ಗುಂಡೀಲಿ ಉಳಿದ ನಾಲ್ಕು ಮರಿಗಳೇ ಸಾಕಾಯ್ತು, ಮಳೆ ಬಿದ್ದ ಮೇಲೆ ಮತ್ತೆ ಅದೇ ಪಾಡು.

ಈ ಜಿಲೇಬಿ ನಮ್ಮೂರಿಂದಲ್ಲ. ಆಫ್ರಿಕಾದ್ದು, ನಮ್ಮ ದೇಶಕ್ಕೆ ತಂದಿದ್ದು 1952ರಲ್ಲಿ. ಹೆಣ್ಣು ಮೀನು ಮೊಟ್ಟೆ, ಮರಿ ಎರಡನ್ನೂ ಬಾಯಲ್ಲೇ ಇಟ್ಟುಕೊಂಡು ಕಾಯ್ತದೆ, ಅದಕ್ಕೇ ಅಷ್ಟೊಂದು ಉಳೀತವೆ. ಎರಡು ಮೂರು ತಿಂಗಳಿಗೇ ಮರಿ ಮಾಡೋಕೆ ಶುರು. ಜಾಗ ಸಾಲದೆ ಹೋದರೆ ಬೆಳೆಯೋದು ನಿಲ್ಲಿಸ್ತದೆ, ಮರಿ ಮಾಡೋದು ನಿಲ್ಲಿಸಲ್ಲ. (ಬರೀ ಗಂಡು ಮರಿ ತಂದು ಸಾಕೋ ಗಿಫ್ಟ್ ತಿಲಾಪಿಯಾ ಬೇರೆ ಲೆಕ್ಕ. ಅದಕ್ಕೆ ಇಲಾಖೆ ಅನುಮತಿ ಬೇಕು.)

ಕೊರಮೀನು ಪೂರ್ತಿ ಉಲ್ಟಾ. ಇದು ಈ ನೆಲದ್ದೇ. ನೀರಲ್ಲಿದ್ದರೂ ಮೇಲೆ ಬಂದು ಗಾಳಿ ನುಂಗಲೇಬೇಕು. ನೀರೊಳಗೇ ಬಲೇಲಿ ತಡೆದು ಹಿಡಿದರೆ ಮೀನಾದರೂ ಮುಳುಗಿ ಸಾಯ್ತದೆ! ಸಿಟಿ ಕೆರೆಗಳಲ್ಲಿ ಕೊಳಚೆ ಸೇರಿ ಆಮ್ಲಜನಕ ಇಳಿದಾಗ ಗೆಂಡೆ ಮೀನೆಲ್ಲ ತೇಲಿದರೂ ಇದು ತಡ್ಕೊಳ್ಳೋದು ಇದರಿಂದಾನೇ. ಕೆರೆ ಬತ್ತಿದರೆ ಕೆಸರಲ್ಲಿ ಹೂತುಕೊಂಡು ಮಳೆ ಕಾಯ್ತದೆ. ಜೊಂಡಿನ ಮಧ್ಯೆ ಕೆಂಪು ಮರಿಗಳ ಗುಂಪನ್ನ ಅಪ್ಪ ಅಮ್ಮ ಕಾಯೋದನ್ನ ಚಿಕ್ಕಂದಿನಲ್ಲಿ ನೋಡಿದ್ದೆ. ಕೈ ಹಾಕಿದರೆ ನುಗ್ಗಿ ಬರ್ತಿತ್ತು. ಹೈದರಾಬಾದಿನಲ್ಲಿ ಮೃಗಶಿರ ಕಾರ್ತೆ ಹೊತ್ತಿಗೆ ಉಬ್ಬಸಕ್ಕೆ ಅಂತ ನುಂಗಿಸೋದು ಇದರ ಮರೀನೇ. ಗುಣ ಆಗ್ತದೆ ಅಂತ ನಾನು ಹೇಳಲ್ಲ.

ಮುಖ್ಯ ಏನಂದ್ರೆ ಇದು ಬೇಟೆ ಮೀನು. ಜಿಲೇಬಿ ಮರಿ ಇದಕ್ಕೆ ಊಟ. ಹೋದ ವರ್ಷ ಮುಂಗಾರಿಗೆ ಗೇಣುದ್ದದ 40 ಮರಿ ಬಿಟ್ಟೆ. ಆರು ತಿಂಗಳಲ್ಲಿ ಜಿಲೇಬಿ ಮರಿ ಕಣ್ಣಿಗೆ ಕಾಣೋಷ್ಟು ಕಮ್ಮಿ ಆಯ್ತು, ಉಳಿದ ಜಿಲೇಬಿ ಅಂಗೈ ಅಗಲಕ್ಕೆ ಬಂತು. ಆದರೆ ಕೊರಮೀನು ಹಿಡಿದಾಗ ಸಿಕ್ಕಿದ್ದು 11 ಮಾತ್ರ. ಜೋರು ಮಳೆ ರಾತ್ರಿ ಏರಿ ದಾಟಿ ಹಸಿ ನೆಲದ ಮೇಲೆ ತೆವಳಿಕೊಂಡು ಹೋಗಿವೆ, ಬೆಳಿಗ್ಗೆ ರಾಗಿ ಹೊಲದಲ್ಲೇ ಮೂರು ಸತ್ತು ಬಿದ್ದಿದ್ದವು. ಏರಿ ಸುತ್ತ ಮೊಣಕಾಲೆತ್ತರ ಬಲೆ ಕಟ್ಟು ಅಂತ ಹೆಂಡತಿ ಹೇಳಿದ್ದಳು, ಕೇಳಲಿಲ್ಲ.

ಹಾಗಾಗಿ ನನ್ನ ಮಾತು ಇಷ್ಟು. ಹೊಂಡದಲ್ಲಿ ಜಿಲೇಬಿ ಈಗಾಗಲೇ ಇದ್ದರೆ ಔಷಧಿ ಹಾಕಿ ಸಾಯಿಸೋಕೆ ಹೋಗಬೇಡಿ, ಬಲೆ ಕಟ್ಟಿ ಕೊರಮೀನು ಬಿಡಿ. ಎಲ್ಲಾ ಮರಿ ಒಂದೇ ಸೈಜ್ ಇರಲಿ, ಇಲ್ಲದಿದ್ರೆ ದೊಡ್ಡದು ಚಿಕ್ಕದನ್ನ ತಿಂತದೆ. ಕಾಟ್ಲಾ ಮರಿ ಇರೋ ಕಡೆ ಮಾತ್ರ ಬೇಡ. ಜಿಲೇಬಿ ಇಲ್ಲದ ಹೊಂಡಕ್ಕೆ ಪುಕ್ಕಟೆ ಕೊಟ್ಟರೂ ಸುರೀಬೇಡಿ. ಹೊಂಡ ತುಂಬಿ ಹರಿದರೆ ಅದು ನೇರ ಕೆರೆಗೆ ಹೋಗ್ತದೆ, ಕೆರೆ ನಮ್ಮೊಬ್ಬರದಲ್ಲ.

ಮೊನ್ನೆ ಪಕ್ಕದ ಹೊಲದ ನಮ್ಮ ಹುಡುಗ ಬಕೆಟ್ ಹಿಡ್ಕೊಂಡು ಬಂದು, "ಚಿಕ್ಕಪ್ಪ, ಒಂದು ಇಪ್ಪತ್ತು ಜಿಲೇಬಿ ಕೊಡಿ" ಅಂದ. ಕೊಡಲಿಲ್ಲ. ಇನ್ನೂ ಮಾತಾಡಿಸ್ತಿಲ್ಲ.