ಕೇಪಿನ ಕೋವಿಗೆ ಅಂಗಡಿ ಸ್ಕ್ರೂ ಬೇಡ

ಕೋವಿಯ ಸುದ್ದಿ ಹೆಮ್ಮಕ್ಕೊಗೆ ಎಂತಕೆ ಹೇಳಿ ಕೇಳೆಡಿ. ಕೋವಿ ತೋಟಕ್ಕೆ ಹೋಪದು ಏವಗಾದರೂ ಒಂದು ಗಳಿಗೆ. ಒಳುದ ಹೊತ್ತೆಲ್ಲ ಅದು ಇಪ್ಪದು ನಮ್ಮ ಮನೆ ಒಳ, ನಾವು ಉಡುಗಿ ಉದ್ದುವ ಜಾಗೆಲಿ, ಮಕ್ಕೊ ಓಡಾಡುವಲ್ಲಿ. ಹಾಂಗಾಗಿ ಅದರ ಹೊಟ್ಟೆ ಒಳ ಎಂತ ಇದ್ದು ಹೇಳಿ ನವಗೂ ರಜ ಗೊಂತಿರೆಕ್ಕು ಹೇಳಿ ಎನ್ನ ಅಭಿಪ್ರಾಯ.

ಬೆಳೆ ರಕ್ಷಣೆಗೆ ಹೇಳಿ ಲೈಸನ್ಸ್ ಮಾಡ್ಸಿದ ಕೇಪಿನ ಕೋವಿ ನಮ್ಮ ಕಡೆ ಸುಮಾರು ತೋಟದ ಮನೆಗಳಲ್ಲಿ ಇದ್ದು. ನಳಿಗೆಯ ಬಾಯಿಂದ ಮದ್ದು ಹಾಕಿ, ಗಜಲ್ಲಿ ಜಡುದು, ಹಿಂದೆ ಇಪ್ಪ ನಿಪ್ಪಲ್ಲಿಂಗೆ ಕೇಪು ಮಡುಗುದು. ಕುದುರೆ ಬಂದು ಕೇಪಿಂಗೆ ಬಡುದರೆ ಮದ್ದಿಂಗೆ ಕಿಚ್ಚು ಹತ್ತುತ್ತು. ಆ ಕುದುರೆಯ ಹಿಡುದು ನಿಲ್ಲುಸುದು ಲಾಕು. ಲಾಕಿನ ತಗಡಿನ ಹಿಂದೆ ಒಂದು ಬಲದ ಸ್ಪ್ರಿಂಗು, ಕುದುರೆಯೊಟ್ಟಿಂಗೆ ತಿರುಗುವ ಒಂದು ತುಂಡು, ಆ ತುಂಡಿನ ಕಚ್ಚಿಲಿ ಕೂಪ ಒಂದು ಕೊಕ್ಕೆ. ಟ್ರಿಗರ್ ಎಳದರೆ ಕೊಕ್ಕೆ ಕಚ್ಚಿಂದ ಜಾರುತ್ತು. ಕುದುರೆಯ ಅರ್ಧ ಎಳದು ಮಡುಗಿಪ್ಪಗ ಜಾರದ್ದಾಂಗೆ ಹಿಡಿವದೂ ಅದೇ ಕೊಕ್ಕೆ. ಇಷ್ಟನ್ನೂ ಅದರದರ ಜಾಗೆಲಿ ಕೂರ್ಸುದು ನಾಲ್ಕೈದು ಸಣ್ಣ ಸ್ಕ್ರೂಗೊ. ಲಾಕಿನ ಮರಕ್ಕೆ ಬಿಗಿವಲೆ ಬೇರೆ ಒಂದೆರಡು ಉದ್ದದ್ದು.

ಈ ಸ್ಕ್ರೂವಿಲಿ ಒಂದು ತುಕ್ಕು ಹಿಡುದು ತಲೆ ಹಾಳಾದರೆ, ಅಥವಾ ಬಿದ್ದು ಹೋದರೆ, ನಮ್ಮ ಗೆಂಡುಮಕ್ಕೊ ಎಂತ ಮಾಡ್ತವು? ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅದೇ ದಪ್ಪದ್ದು ಕಾಂಬ ಒಂದರ ತಂದು ತಿರುಪುತ್ತವು. "ಹಿಡುದತ್ತು, ಸಾಕು" ಹೇಳ್ತವು. ಇದು ಆಗ ಹೇಳಿ ಆನು ಹೇಳುದು.

ನಿಂಗಳ ಹತ್ರೆ ಅಜ್ಜಿಯಕ್ಕಳ ಕಾಲದ ಬೆಂಡೋಲೆ ಇದ್ದರೆ ತೆಗದು ನೋಡಿ. ಬಲದ ಕೆಮಿಯ ತಿರುಪಿನ ಎಡದ್ದಕ್ಕೆ ಹಾಕಿರೆ ಒಂದು ಸುತ್ತು ಹೋಗಿ ನಿಲ್ಲುತ್ತು. ಒತ್ತಾಯ ಮಾಡಿರೆ ಸುತ್ತು ಕರಗಿ, ಓಲೆ ಎಲ್ಲಿಯೋ ಬಿದ್ದು ಹೋವ್ತು. ಎಂತಕೆ ಹೇಳಿರೆ ಚಿನ್ನದ ಆಚಾರಿ ಒಂದೊಂದರ ಒಂದೊಂದಕ್ಕೇ ಹೊಂದುಸಿ ಮಾಡಿದ್ದು. ಹಳೆ ಕೋವಿಯ ಸ್ಕ್ರೂವುದೇ ಹಾಂಗೆ. ಮದಲಿಂಗೆ ಒಂದೊಂದು ಕಾರ್ಖಾನೆಗೆ ಒಂದೊಂದು ಲೆಕ್ಕದ ಸುತ್ತು ಇದ್ದತ್ತು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಎಲ್ಲೋರಿಂಗೂ ಒಂದೇ ಲೆಕ್ಕ ಇರಲಿ ಹೇಳಿ ಒಂದು ಕ್ರಮ ಹೇಳಿದ. ಅದಾದ ಮೇಲೆಯೂ ಕೋವಿ ಮಾಡುವವು ತಮ್ಮ ತಮ್ಮ ಹಳೆ ಅಳತೆಯ ಬೇಗ ಬಿಟ್ಟಿದವಿಲ್ಲೆ. ಹಳಬ್ಬರು ಏವ ಸ್ಕ್ರೂ ಏವ ಒಟ್ಟೆಗೆ ಹೇಳಿ ಗೊಂತಪ್ಪಲೆ ಸ್ಕ್ರೂವಿಂಗೆ ಚುಕ್ಕಿಯೋ ಗೀಟೋ ಗುರ್ತ ಹಾಕುದೂ ಇದ್ದತ್ತು.

ಲೆಕ್ಕ ಹೇಂಗೆ ತಪ್ಪುತ್ತು ಹೇಳಿ ಒಂದು ಉದಾಹರಣೆ ನೋಡುವೊ. ಇಂಚಿನ ಲೆಕ್ಕದ 3/16 ವಿಟ್‌ವರ್ತ್ ಸ್ಕ್ರೂ 4.76 ಮಿಲಿಮೀಟರು ದಪ್ಪ, ಒಂದು ಇಂಚಿಲಿ 24 ಸುತ್ತು. ಹೇಳಿರೆ ಒಂದು ಸುತ್ತಿಂದ ಮತ್ತೊಂದಕ್ಕೆ 1 ಮಿಲಿಮೀಟರಿಂದ ರಜ ಹೆಚ್ಚು. ಈಗ ಅಂಗಡಿಲಿ ಸಿಕ್ಕುವ 5 ಮಿಲಿಮೀಟರಿನ ಸಾಮಾನ್ಯ ಸ್ಕ್ರೂವಿಲಿ ಅದು 0.8 ಮಿಲಿಮೀಟರು. ಸುತ್ತಿನ ಕೋನವೂ ಬೇರೆ, ಅದರದ್ದು 55 ಡಿಗ್ರಿ, ಇದರದ್ದು 60. ಕಣ್ಣಿಂಗೆ ಎರಡೂ ಒಂದೇ. ಒಳ ಹೋಪಗ ಎರಡು ಸುತ್ತು ಹೋಗಿ ಬಿಗಿ ಆವ್ತು. ಆ ಬಿಗಿಯನ್ನೇ ನಮ್ಮವು "ಲಾಯಿಕಕ್ಕೆ ಕೂದತ್ತು" ಹೇಳಿ ಗ್ರೇಶುದು. ಹಳೆ ಒಟ್ಟೆಯ ಸುತ್ತು ಅಲ್ಲಿಗೇ ಹಾಳಾತು.

ಉದ್ದ ಹೆಚ್ಚಾದರೆ ಕೊಡಿ ಹೆರ ಬಂದು ಬೇರೆ ತುಂಡಿಂಗೆ ತಾಗುತ್ತು. ತಲೆ ದಪ್ಪ ಆದರೆ ಸ್ಪ್ರಿಂಗಿಂಗೆ ಉಜ್ಜುತ್ತು. ಕೊಕ್ಕೆಯ ಸ್ಕ್ರೂ ಸಡ್ಲ ಇದ್ದರೆ ಕೊಕ್ಕೆ ಆಡುತ್ತು, ಅತೀ ಬಿಗಿ ಆದರೆ ಕಚ್ಚಿಂಗೆ ಪೂರ್ತಿ ಕೂರುತ್ತಿಲ್ಲೆ. ಮದ್ದು ತುಂಬ್ಸಿದ ಕೋವಿಲಿ ಕೊಕ್ಕೆ ಸರಿ ಕೂರದ್ದರೆ ಎಂತಕ್ಕು ಹೇಳಿ ಬಿಡುಸಿ ಹೇಳೆಕ್ಕಾ? ನಿಪ್ಪಲ್ಲುದೇ ಒಂದು ಸ್ಕ್ರೂವೇ. ಅದು ಅರ್ಧಂಬರ್ಧ ಸುತ್ತಿಲಿ ನಿಂದಿದ್ದರೆ ಮದ್ದಿನ ಒತ್ತಡಕ್ಕೆ ಕಿತ್ತು ಹಾರುದು ಕೋವಿ ಹಿಡುದವರ ಮೋರೆಯ ಹತ್ರಂದಲೇ.

ಸರಿಯಾದ ಕ್ರಮ ಎಂತ ಹೇಳಿರೆ ಒಟ್ಟೆಯ ಅಳತು, ಅದಕ್ಕೆ ಹೊಂದುವ ಸ್ಕ್ರೂ ಮಾಡುದು. ಮೆದು ಉಕ್ಕಿನ ಸರಳಿನ ಅರಲ್ಲಿ ಉಜ್ಜಿ, ಸುತ್ತು ಕೊರದು, ತಲೆಗೆ ಸಪೂರಕ್ಕೆ ಗೀರು ಹಾಕುತ್ತವು. ಮತ್ತೆ ಎಲುಬಿನ ಮಸಿಯೊಟ್ಟಿಂಗೆ ಪೆಟ್ಟಿಗೆಲಿ ಮುಚ್ಚಿ ಕೆಂಪಪ್ಪನ್ನಾರ ಕಾಸಿ ನೀರಿಂಗೆ ಹಾಕುತ್ತವು. ಹೆರಾಣ ಚೋಲಿ ಮಾಂತ್ರ ಗಟ್ಟಿ ಆವ್ತು, ಒಳ ಮೆದುವೇ ಇರ್ತು. ಪೂರ ಗಟ್ಟಿ ಆದರೆ ಒಟ್ಟೆ ಒಳವೇ ತುಂಡಕ್ಕು, ಪೂರ ಮೆದು ಆದರೆ ಗೀರು ಬೇಗ ಹಾಳಕ್ಕು. ಒಂದು ಸಣ್ಣ ಸ್ಕ್ರೂವಿಂಗೆ ಇಷ್ಟು ಕೆಲಸ ಇಪ್ಪಗ ಅಂವ ಹೆಚ್ಚು ಪೈಸೆ ಕೇಳಿದ ಹೇಳಿ ಚರ್ಚೆ ಮಾಡುದು ಸರಿಯಾ?

"ಅಜ್ಜನ ಕಾಲಲ್ಲಿ ಊರ ಆಚಾರಿಯೇ ಮಾಡಿಗೊಂಡಿತ್ತಿದ್ದವು, ಈಗ ಪೇಟೆಗೆ ಎರಡು ಸರ್ತಿ ಹೋಯೆಕ್ಕು" ಹೇಳ್ತವು. ಅಪ್ಪು, ಅದು ಕಷ್ಟವೇ. ಆದರೆ 1959ರ ಆರ್ಮ್ಸ್ ಏಕ್ಟಿನ 5ನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿ ಕಸುಬು ಮಾಡ್ಲೆ ಲೈಸನ್ಸ್ ಬೇಕು. ಕಾನೂನಿಂದ ಮೇಲೆ ಅನುಭವದ ಮಾತೂ ಇದ್ದು. ಒಟ್ಟೆ ಸವದ್ದರೆ ದೊಡ್ಡ ಸುತ್ತು ಕೊರದು ಹೊಸತ್ತು ಹಾಕೆಕ್ಕೋ, ಹಳತ್ತೇ ಸಾಕೋ ಹೇಳಿ ಕೈ ಪಳಗಿದವಕ್ಕೇ ಗೊಂತಪ್ಪದು. ಮಾವನ ಕಾಲದ ಕೋವಿಯ ಹತ್ತು ರುಪಾಯಿ ಸ್ಕ್ರೂವಿಲಿ ಹಾಳು ಮಾಡಿರೆ ಮತ್ತೆ ಅಂತದ್ದು ಸಿಕ್ಕ.

ನಾವು ಮಾಡ್ಲಪ್ಪದೂ ಕೆಲವು ಇದ್ದು. ಕೋವಿ ಬಿಚ್ಚುವ ಮದಲು ಗಜ ಇಳುಶಿ ನಳಿಗೆ ಖಾಲಿಯೋ, ಕೇಪು ತೆಗದ್ದೋ ಹೇಳಿ ಕೇಳಿಯೇ ಕೇಳಿ. ಲಾಕು ಬಿಚ್ಚುತ್ತರೆ ಒಂದು ರಟ್ಟಿಲಿ ಲಾಕಿನ ಚಿತ್ರ ಬರದು, ತೆಗದ ಸ್ಕ್ರೂವಿನ ಚಿತ್ರಲ್ಲಿ ಅದರದ್ದೇ ಜಾಗೆಗೆ ಕುತ್ತಿ ಮಡುಗುಲೆ ಹೇಳಿ. ಗೀರಿಂಗೆ ಸರಿ ಕೂಪ ಸ್ಕ್ರೂಡ್ರೈವರು ಇಲ್ಲದ್ದರೆ ಮುಟ್ಟುದೇ ಬೇಡ. ಮರಕ್ಕೆ ಬಿಗಿವ ಸ್ಕ್ರೂವಿನ ಬಲ ಇದ್ದು ಹೇಳಿ ಕಡೆವರೆಗೆ ತಿರುಪಿರೆ ಮರ ಒತ್ತಿ ಲಾಕೇ ಹಿಡಿತ್ತು. ಮದ್ದಿನ ಮಸಿ ಮಳೆಗಾಲಲ್ಲಿ ನೀರು ಎಳದು ತುಕ್ಕು ಹಿಡಿಶುತ್ತು, ಹಾಂಗಾಗಿ ಉಪಯೋಗ್ಸಿದ ಅದೇ ದಿನ ಉದ್ದಿ ಒಣಗುಸೆಕ್ಕು. ತೆಂಗಿನೆಣ್ಣೆ ಬೇಡ, ಚಳಿಗೆ ಅದು ಗಟ್ಟಿ ಆವ್ತು, ಮತ್ತೆ ಅಂಟಾವ್ತು. ಹೊಲಿಗೆ ಮಿಷನಿನ ಎಣ್ಣೆ ಒಂದು ಹನಿ ಸಾಕು.

ಹಂದಿ, ಮಂಗನ ಓಡ್ಸುಲೆ ಕೋವಿ ಬೇಕು ಹೇಳ್ತವರ ಮಾತಿಂಗೆ ಆನು ಅಡ್ಡ ಬತ್ತಿಲ್ಲೆ. ಅಡಕ್ಕೆ, ಬಾಳೆ, ತೆಂಗು ಹೋವ್ತ ಬೇನೆ ನವಗೂ ಇದ್ದು. ಆದರೆ ಗ್ಯಾಸಿನ ಪೈಪು, ಕುಕ್ಕರಿನ ರಬ್ಬರು ಸರಿ ಇದ್ದೋ ಹೇಳಿ ನಾವು ನೋಡ್ತಿಲ್ಲೆಯಾ? ಲಾಕಿನ ಸ್ಕ್ರೂವಿನ ಬಗ್ಗೆಯೂ ಅಷ್ಟೇ ಧೈರ್ಯಲ್ಲಿ ಕೇಳುವೊ. ಅಂಗಡಿ ಸ್ಕ್ರೂ ಹಾಕಿದ್ದು ಹೇಳಿ ಗೊಂತಾದರೆ, ಸರಿ ಮಾಡ್ಸುವನ್ನಾರ ಅದಕ್ಕೆ ಮದ್ದು ತುಂಬ್ಸುಲೆ ಬಿಡೆಡಿ.