ಹಿಮ ನೋಡಿ ಬರೋದಲ್ಲ, ಜಾರೋದು ಕಲೀಬೇಕು!

ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಬಾಕಿ ಇದ್ದ ಅರ್ಜಿಯೊಂದು ಈ ಚಳಿಗಾಲಕ್ಕೆ ಮಂಜೂರಾಗಿದೆ: ಗುಲ್ಮಾರ್ಗ್‌ಗೆ ಹೋಗಿ ಸ್ಕೀಯಿಂಗ್ ಕಲಿಯೋದು. ಮಗಳು ಎಂಟನೇ ಕ್ಲಾಸು. ಮುಂದೆ ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ. ಈಗ ಹೋಗದಿದ್ದರೆ ಇನ್ನು ಹೋದ ಹಾಗೇ. ಜೊತೆಗೆ ಅತ್ತೆ. ಅರವತ್ತೆಂಟು ವಯಸ್ಸು, ದಿನಕ್ಕೊಂದು ಬಿಪಿ ಮಾತ್ರೆ, "ನಾನೂ ಒಂದ್ಸಲ ಹಿಮ ಮುಟ್ಟಬೇಕು ಕಣೇ" ಅನ್ನೋ ಆಸೆ.

ಮೊದಲ ಚರ್ಚೆ ದಿನಾಂಕದ್ದು. ನಮ್ಮ ಶಾಲೆಗಳಿಗೆ ದೊಡ್ಡ ರಜೆ ಅಂದರೆ ದಸರಾ, ಬೇಸಿಗೆ. ಹಿಮಕ್ಕೆ ನಮ್ಮ ಶಾಲೆಯ ಕ್ಯಾಲೆಂಡರ್ ಗೊತ್ತಿಲ್ಲವಲ್ಲ! ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ಜನವರಿ ಕೊನೆಯವರೆಗಿನ 40 ದಿನದ ಕಡುಚಳಿಗೆ ಚಿಲ್ಲೈ ಕಲಾನ್ ಅಂತಾರೆ. ಆಗ ಬಿದ್ದ ಹಿಮವೇ ಗಟ್ಟಿಯಾಗಿ ಕೂರೋದು. ಕ್ರಿಸ್‌ಮಸ್ ರಜೆಯಲ್ಲಿ ಹೋದರೆ ಕ್ಲಾಸು ತಪ್ಪಲ್ಲ, ಆದರೆ ಹಿಮದ ಭರವಸೆ ಕಡಿಮೆ. 2024ರ ಜನವರಿಯ ಮೊದಲ ವಾರಗಳಲ್ಲಿ ಗುಲ್ಮಾರ್ಗ್‌ನ ಬಯಲು ಬರೀ ಒಣಹುಲ್ಲಾಗಿತ್ತು. 2025ರಲ್ಲಂತೂ ಹಿಮ ಸಾಲದೆ, ಅಲ್ಲಿ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನೇ ಮಾರ್ಚ್‌ಗೆ ಮುಂದೂಡಿದರು. ಹಾಗಾಗಿ ನಾವು ಫೆಬ್ರವರಿ ಮೊದಲ ವಾರ ಅಂತ ಇಟ್ಟುಕೊಂಡಿದ್ದೀವಿ. ಮಗಳಿಗೆ ಒಂದು ವಾರ ಶಾಲೆ ತಪ್ಪುತ್ತೆ. ಅದನ್ನ ಕ್ಲಾಸ್ ಟೀಚರ್ ಹತ್ತಿರ ಹೇಳೋ ಕೆಲಸ ಅವರಪ್ಪನದು.

ಎರಡನೆಯದು ಎತ್ತರ. ಪ್ಯಾಕೇಜ್ ಮಾರುವವರು ಇದರ ಬಗ್ಗೆ ಬಾಯೇ ಬಿಡಲ್ಲ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಗುಲ್ಮಾರ್ಗ್‌ನಲ್ಲಿ ನಾವು ಮಲಗೋ ಜಾಗವೇ ಸುಮಾರು 2,650. ಅಲ್ಲಿಂದ ಗೊಂಡೋಲಾ ಹತ್ತಿದರೆ ಮೊದಲ ಹಂತದ ಕೊಂಗ್‌ಡೋರಿ ಮೂರು ಸಾವಿರ ದಾಟುತ್ತೆ, ಎರಡನೇ ಹಂತ ಅಫರ್ವಾಟ್ ಪರ್ವತದ ಮೇಲೆ ನಾಲ್ಕು ಸಾವಿರದ ಹತ್ತಿರಕ್ಕೆ ಒಯ್ದು ನಿಲ್ಲಿಸುತ್ತೆ. ಅಲ್ಲಿ ಒಂದೊಂದು ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗೋದರ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ. ಬೆಳಿಗ್ಗೆ ಬೆಂಗಳೂರು, ಮರುದಿನ ಅಫರ್ವಾಟ್ ಅಂದರೆ ವಯಸ್ಸಿನವರಿಗೂ ತಲೆನೋವು, ವಾಕರಿಕೆ ಬರಬಹುದು. ಅದಕ್ಕೇ ಮೊದಲ ರಾತ್ರಿ ಶ್ರೀನಗರದಲ್ಲಿ (1,600 ಮೀಟರ್ ಅಂದುಕೊಳ್ಳಿ), ಆಮೇಲೆ ಗುಲ್ಮಾರ್ಗ್, ಗೊಂಡೋಲಾ ಕೊನೆಗೆ.

ಇನ್ನು ಆ "ನಾಲ್ಕು ರಾತ್ರಿ ಐದು ದಿನ" ಪ್ಯಾಕೇಜ್! ಅದರಲ್ಲಿ ಗುಲ್ಮಾರ್ಗ್‌ಗೆ ಅರ್ಧ ದಿನ. ಬಾಡಿಗೆ ಕೋಟು ಹಾಕಿ, ಸ್ಲೆಡ್ಜ್ ಮೇಲೆ ಕೂತು, ಫೋಟೋ ತೆಗೆಸಿಕೊಂಡು ವಾಪಸ್. ಅರ್ಧ ದಿನದಲ್ಲಿ ಸ್ಕೀ ಬೂಟು ಹಾಕಿ ನಡೆಯೋದು ಕಲಿತರೆ ಪುಣ್ಯ. ನಾವು ಗುಲ್ಮಾರ್ಗ್‌ಗೇ ನಾಲ್ಕು ರಾತ್ರಿ ಕೊಟ್ಟಿದ್ದೀವಿ, ಪಹಲ್ಗಾಮ್ ಬಿಟ್ಟಿದ್ದೀವಿ. ಹೊಸಬರ ಪಾಠ ನಡೆಯೋದು ಕೆಳಗಿನ ಗಾಲ್ಫ್ ಮೈದಾನದ ಮೆಲುಇಳಿಜಾರಿನಲ್ಲಿ. ಅದಕ್ಕೆ ಗೊಂಡೋಲಾ ಬೇಕೇ ಇಲ್ಲ. ಮೂರು ಬೆಳಗು ಅಲ್ಲಿ ಬೀಳಬೇಕು, ಏಳಬೇಕು, ಹಿಮ್ಮಡಿ ಅಗಲಿಸಿ ಬ್ರೇಕ್ ಹಾಕೋದು ಕಾಲಿಗೆ ಬರಬೇಕು. ಅಫರ್ವಾಟ್‌ನ ಇಳಿಜಾರು ನುರಿತವರದ್ದು. ಹಿಮಕುಸಿತದ ಜಾಗ ಅದು. ಮಗಳು ಅಲ್ಲಿ ಸ್ಕೀ ಹಾಕಲ್ಲ ಅಂತ ಈಗಲೇ ಒಪ್ಪಂದ ಆಗಿದೆ. ಅಲ್ಲೇ ಇರೋ ಕೇಂದ್ರ ಸರ್ಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ದಿನಗಟ್ಟಲೆ ಕೋರ್ಸ್ ನಡೆಸುತ್ತೆ. ರಜೆ ಇರೋರಿಗೆ ಅದು ಇನ್ನೂ ಒಳ್ಳೇದು.

ಚಿಲ್ಲರೆ ವಿಷಯ ಬೇಗ ಹೇಳಿಬಿಡ್ತೀನಿ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ. ಮನೆಯಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ. ಹಿಮ ಬಿದ್ದ ದಿನ ತಂಗ್‌ಮಾರ್ಗ್‌ನಿಂದ ಮೇಲಿನ 13 ಕಿಲೋಮೀಟರಿಗೆ ಚೈನು ಕಟ್ಟಿದ ಗಾಡಿ ಬೇಕು, ಅದರ ಬಾಡಿಗೆ ಬೇರೆ. ವಾಪಸ್ ವಿಮಾನಕ್ಕೆ ಮುಂಚೆ ಒಂದು ದಿನ ಖಾಲಿ ಬಿಡಿ, ಮೋಡ ಕವಿದರೆ ಶ್ರೀನಗರದ ವಿಮಾನಗಳು ರದ್ದಾಗುತ್ತವೆ. ಪ್ರವಾಸದ ವಿಮೆಯಲ್ಲಿ ಸ್ಕೀಯಿಂಗ್ ಸೇರಿದೆಯಾ ಅಂತ ಓದಿ ನೋಡಿ, ಎಷ್ಟೋ ಪಾಲಿಸಿಗಳಲ್ಲಿ ಇರಲ್ಲ. ಕಪ್ಪು ಕನ್ನಡಕ ಶೋಕಿಗಲ್ಲ, ಹೊಸ ಹಿಮ ಬಿಸಿಲನ್ನೆಲ್ಲ ಕಣ್ಣಿಗೇ ಎಸೆಯುತ್ತೆ.

ಉಳಿದದ್ದು ಅತ್ತೆಯ ವಿಷಯ. ಬಿಟ್ಟುಹೋಗೋಣ ಅಂತ ನೆಂಟರೆಲ್ಲ ಸಲಹೆ ಕೊಟ್ಟರು. ನಾವು ಡಾಕ್ಟರ ಹತ್ತಿರ ಕರಕೊಂಡು ಹೋಗಿ ಇಸಿಜಿ ಮಾಡಿಸಿದ್ವಿ. ಗುಲ್ಮಾರ್ಗ್ ಸರಿ, ಆರಾಮಿದ್ದರೆ ಕೊಂಗ್‌ಡೋರಿಗೂ ಒಂದರ್ಧ ಗಂಟೆ, ಅದರ ಮೇಲೆ ಬೇಡ ಅಂದರು. ಅತ್ತೆಗೆ ಸ್ವಲ್ಪ ಬೇಜಾರು. "ಅಷ್ಟು ದೂರ ಹೋಗಿ ಅರ್ಧಕ್ಕೆ ಇಳಿಯೋದಾ?" ಅಂದರು. ರಾತ್ರಿ ನೋಡಿದರೆ ಮೊಮ್ಮಗಳನ್ನ ಪಕ್ಕಕ್ಕೆ ಕೂರಿಸಿಕೊಂಡು ಕೊಂಗ್‌ಡೋರಿಯ ವಿಡಿಯೋ ನೋಡ್ತಿದ್ದರು.

ಗೊಂಡೋಲಾ ಟಿಕೆಟ್ ಆನ್‌ಲೈನಲ್ಲೇ, ಹೆಸರು, ಗುರುತಿನ ಚೀಟಿ ಕೊಟ್ಟು ಮುಂಚೆಯೇ ತಗೋಬೇಕು. ಎರಡನೇ ಹಂತಕ್ಕೆ ಅಪ್ಪ, ಮಗಳು ಇಬ್ಬರದ್ದೇ ಮಾಡಿಸ್ತೀವಿ. ಕೊಂಗ್‌ಡೋರಿಯಲ್ಲಿ ಅತ್ತೆ ಜೊತೆ ಕಾಫಿಪುಡಿ, ಫ್ಲಾಸ್ಕ್ ಹಿಡಿದು ನಾನಿರ್ತೀನಿ.